ಗ್ಯಾರೇಜ್ ಅಂಗಳ: ಇಡೀ ಕನ್ನಡಿ ಯಾಕೆ ಕೊಳ್ತೀರಿ?

ಈ ಸಲದ ಅಂಚೆಯಲ್ಲಿ ಬಾಗಿಲ ಕನ್ನಡಿಯ ಪತ್ರಗಳೇ ಹೆಚ್ಚು. ಕ್ಲಚ್, ಬ್ರೇಕು, ಮೈಲೇಜು ಕೇಳಿದವರು ಮುಂದಿನ ತಿಂಗಳವರೆಗೆ ತಾಳ್ಮೆಯಿಂದಿರಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇನೆ. ನನ್ನ ಹತ್ತಿರ 1992ರ ಬಿಎಂಡಬ್ಲ್ಯೂ 325ಐ ಕನ್ವರ್ಟಿಬಲ್ ಇದೆ, ಕಪ್ಪು ಬಣ್ಣ. ಮನೆ ಮುಂದೆ ನಿಲ್ಲಿಸಿದ್ದಾಗ ಯಾವುದೋ ವ್ಯಾನು ಎಡಗಡೆ ಕನ್ನಡಿಗೆ ಹೊಡೆದು ಹೋಗಿದೆ. ವೈಪರಿನಡಿ ಫೋನ್ ನಂಬರಿನ ಚೀಟಿ ಇತ್ತು. ಗಾಜು ಪುಡಿ, ಕವಚದಲ್ಲಿ ಒಂದು ಸೀಳು, ಬುಡದಲ್ಲಿ ಸ್ವಲ್ಪ ಅಲ್ಲಾಟ. ಸ್ವಿಚ್ ಒತ್ತಿದರೆ ಮೋಟಾರಿನ ಸದ್ದು ಬರುತ್ತೆ. ಇಲ್ಲಿನ ಗ್ಯಾರೇಜಿನವರು ಬಾಗಿಲ ಒಳಹಲಗೆ ಪೂರ್ತಿ ಬಿಚ್ಚಿ ಇಡೀ ಕನ್ನಡಿ ಬದಲಿಸಬೇಕು ಅಂತಾರೆ. ನಾನೇ ಕೊಳ್ಳೋಣವೆಂದು ವರ್ಷ, ಮಾಡೆಲ್ ಹಾಕಿ ಹುಡುಕಿದರೆ ಸಿಗುವ ಕನ್ನಡಿಗಳ ಬುಡ ನನ್ನ ಕಾರಿನದರಂತೆ ಕಾಣುತ್ತಿಲ್ಲ. ಏನು ಮಾಡಲಿ?
— ಓದುಗರು, ಮ್ಯೂನಿಕ್

ಉತ್ತರ: ಮೊದಲು ಆ ಚೀಟಿ ಜೋಪಾನ ಮಾಡಿ ಸ್ವಾಮಿ. ಜರ್ಮನಿಯಲ್ಲಿ ಗುದ್ದಿ ಚೀಟಿ ಇಟ್ಟು ಹೊರಟುಬಿಡುವುದೂ ಕಾನೂನಿನ ಕಣ್ಣಲ್ಲಿ ಸಾಲದು. ಕಾಯಬೇಕು, ಇಲ್ಲವೇ ಪೊಲೀಸರಿಗೆ ತಿಳಿಸಬೇಕು. ಆದರೂ ನಂಬರು ಕೊಟ್ಟಿದ್ದಾರಲ್ಲ, ಒಳ್ಳೆಯವರೇ ಇರಬೇಕು. ಖರ್ಚು ಅವರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೇಲೆ ಬೀಳುತ್ತೆ, ನಿಮ್ಮ ಜೇಬಿನ ಮೇಲಲ್ಲ. ಗ್ಯಾರೇಜಿನಿಂದ ಒಂದು ಅಂದಾಜು ಪಟ್ಟಿ ಬರೆಸಿ ಅಲ್ಲಿಗೆ ಕೊಟ್ಟರೆ, ಆಮೇಲೆ ರಿಪೇರಿಯನ್ನು ನೀವೇ ಮಾಡಿಕೊಂಡರೂ ಅಡ್ಡಿಯಿಲ್ಲ. 19% ವ್ಯಾಟ್ ಕಳೆದು ಉಳಿದದ್ದು ನಿಮ್ಮ ಕೈಗೆ ಬರುತ್ತೆ. ಅಲ್ಲಿನ ಗ್ಯಾರೇಜುಗಳಲ್ಲಿ ಮೈಕೈ ಮಸಿ ಮಾಡಿಕೊಂಡ ಕಾಲದಲ್ಲಿ, ಈ ಅನುಕೂಲ ಗೊತ್ತಿಲ್ಲದೆ ಸುಮ್ಮನೆ ಕೈಯಿಂದ ದುಡ್ಡು ಹಾಕಿದ ನಮ್ಮವರನ್ನು ಬೇಕಾದಷ್ಟು ಕಂಡಿದ್ದೇನೆ. ಬಿಚ್ಚುವುದಕ್ಕೆ ಮುಂಚೆ ನಾಲ್ಕು ದಿಕ್ಕಿನಿಂದ ಫೋಟೊ ತೆಗೆದಿಡಿ.

ಇನ್ನು ನಿಮ್ಮ ಹುಡುಕಾಟ. ತಪ್ಪು ನಿಮ್ಮದಲ್ಲ, ಇಸವಿಯದ್ದು. ನಿಮ್ಮದು ಇ30 ಅನ್ನುವ ತಲೆಮಾರಿನ ಕಾರು. ಅದರ ಸೆಡಾನ್ 1990ರ ಕೊನೆಯಲ್ಲೇ ಮುಂದಿನ ತಲೆಮಾರಾದ ಇ36ಕ್ಕೆ ಜಾಗ ಬಿಟ್ಟುಕೊಟ್ಟಿತು. ಕನ್ವರ್ಟಿಬಲ್ ಮಾತ್ರ 1993ರವರೆಗೂ ಹಳೇ ಮೈಯಲ್ಲೇ ರೇಗನ್ಸ್‌ಬುರ್ಗ್ ಕಾರ್ಖಾನೆಯಿಂದ ಬರುತ್ತಿತ್ತು. ಹಾಗಾಗಿ ‘1992, 325ಐ’ ಅಂತ ಹೊಡೆದರೆ ಅಂಗಡಿಯವರ ಕಂಪ್ಯೂಟರ್ ಇ36 ಕನ್ನಡಿ ತಂದು ಮುಂದಿಡುತ್ತೆ. ಬುಡ ಹೊಂದುವ ಮಾತೇ ಇಲ್ಲ. ಅದರ ಮೇಲೆ ಇ36ರಲ್ಲಿ ನಾಲ್ಕು ಬಾಗಿಲಿನದ್ದೇ ಬೇರೆ, ಎರಡು ಬಾಗಿಲಿನದ್ದೇ ಬೇರೆ, ಆ ಗೊಂದಲ ನಿಮಗೆ ಬೇಡವೇ ಬೇಡ. ವರ್ಷ ಬಿಡಿ, ‘ಇ30’ ಅಂತ ಹುಡುಕಿ. ಅದಕ್ಕಿಂತ ಒಳ್ಳೆಯದು ಚಾಸಿ ನಂಬರಿನ ಕೊನೆಯ ಏಳು ಅಕ್ಷರ ಹಾಕಿ ಬಿಡಿಭಾಗದ ನಂಬರು ತೆಗೆಯಿರಿ. ಬಿಎಂಡಬ್ಲ್ಯೂದಲ್ಲಿ ಕನ್ನಡಿಯ ಸಾಮಾನಿನ ನಂಬರು 51 16ರಿಂದ ಶುರುವಾಗುತ್ತೆ.

ಈಗ ಮುಖ್ಯ ಮಾತಿಗೆ ಬರೋಣ: ಏನು ಮುರಿದಿದೆಯೋ ಅದನ್ನಷ್ಟೇ ಕೊಳ್ಳಿ. ಮೋಟಾರ್ ಸದ್ದು ಮಾಡ್ತಿದೆ ಅಂದರೆ ಮೋಟಾರೂ ತಂತಿಯೂ ಜೀವಂತ. ಗಾಜು ಬಿಡಿಯಾಗಿ ಸಿಗುತ್ತೆ. ಕವಚದ ಸೀಳು ಕೂದಲೆಳೆಯಷ್ಟಿದ್ದರೆ ಒಳಗಿನಿಂದ ಪ್ಲಾಸ್ಟಿಕ್ ಅಂಟು ಹಾಕಿ, ಹೊರಗೆ ಉಜ್ಜಿ ಬಣ್ಣ ಹೊಡೆಯಬಹುದು. ನನಗೆ ಸಂಶಯ ಇರುವುದೆಲ್ಲ ಆ ಅಲ್ಲಾಟದ ಮೇಲೆ. ಸ್ಕ್ರೂ ಸಡಿಲವಾಗಿದ್ದರೆ ಐದು ನಿಮಿಷದ ಕೆಲಸ. ಬುಡದ ಲೋಹವೇ ಬಿರುಕು ಬಿಟ್ಟಿದ್ದರೆ ಯಾವ ಅಂಟೂ ನಿಲ್ಲಲ್ಲ, ಹೆದ್ದಾರಿಯಲ್ಲಿ ಗಾಳಿ ಹೊಡೆತಕ್ಕೆ ಕಿತ್ತು ಬರುತ್ತೆ. ಆಗ ಮಾತ್ರ ಇಡೀ ಕನ್ನಡಿ, ಅದೂ ಕಳಚಿದ ಕಾರಿನಿಂದ ಬಂದ ಹಳೇ ಅಸಲಿ ಸಾಮಾನು. ಅಗ್ಗದ ಹೊಸ ನಕಲಿಗಿಂತ ನನ್ನ ಮತ ಯಾವಾಗಲೂ ಅದಕ್ಕೇ. ನಕಲಿಯ ಬುಡಕ್ಕೂ ಬಾಗಿಲಿಗೂ ನಡುವೆ ಸಣ್ಣ ಸಂದು ಉಳಿದುಬಿಡುತ್ತೆ. ಚೌಕಟ್ಟಿಲ್ಲದ ಕಿಟಕಿ ಗಾಜಿನ ಮುಂದಿನ ಮೂಲೆ ಬಂದು ಕೂರುವುದು ಅಲ್ಲೇ. ಮಳೆ ಬಂದರೆ ತೊಟ್ಟಿಕ್ಕುತ್ತೆ, ವೇಗ ಹೆಚ್ಚಾದರೆ ಸಿಳ್ಳೆ ಹಾಕುತ್ತೆ.

ಬಾಗಿಲ ಒಳಹಲಗೆ ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಬರಲ್ಲ. ಕಿಟಕಿ ಗಾಜು ಇಳಿಸಿ. ಒಳಗಡೆ, ಬಾಗಿಲಿನ ಮುಂದಿನ ಮೂಲೆಯಲ್ಲಿ ತ್ರಿಕೋನಾಕಾರದ ಪ್ಲಾಸ್ಟಿಕ್ ಮುಚ್ಚಳ ಇದೆಯಲ್ಲ, ಅದು ಬರೀ ಕ್ಲಿಪ್ಪಿನ ಮೇಲೆ ನಿಂತಿರುತ್ತೆ. ಮೂವತ್ತು ವರ್ಷ ದಾಟಿದ ಪ್ಲಾಸ್ಟಿಕ್ಕು, ಚಳಿಯಲ್ಲಿ ಹಪ್ಪಳದಂತೆ ಚಟ್ಟನೆ ಮುರಿಯುತ್ತೆ. ಕೂದಲು ಒಣಗಿಸುವ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಅಂಚಿಗೆ ಬಟ್ಟೆ ಸುತ್ತಿದ ಚಪ್ಪಟೆ ಪಟ್ಟಿ ತೂರಿಸಿ, ಮೆಲ್ಲಗೆ ಎಬ್ಬಿಸಿ. ಹಿಂದೆ ಚಿಕ್ಕ ಸ್ಪೀಕರ್ ಇದ್ದರೆ ಅದರ ತಂತಿ ಜಗ್ಗಬೇಡಿ. ಮುಚ್ಚಳ ಬಂದರೆ ಮೂರು ಸ್ಕ್ರೂ ಮತ್ತು ಒಂದು ಪ್ಲಗ್ಗು ಕಾಣುತ್ತವೆ. ಸ್ಕ್ರೂಗೆ ಕೈ ಹಾಕುವ ಮುಂಚೆ ಕೆಳಗಿನ ಸಂದಿಗೆ ಹಳೇ ಬಟ್ಟೆ ತುರುಕಿ. ಬಾಗಿಲೊಳಗೆ ಬಿದ್ದ ಸ್ಕ್ರೂ ಹುಡುಕುವಾಗ ಬರುವ ಬೈಗುಳ ಈ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ. ಪ್ಲಗ್ಗು ಎಳೆದು, ಕೊನೆಯ ಸ್ಕ್ರೂ ಬಿಚ್ಚುವಾಗ ಹೊರಗಿನಿಂದ ಕನ್ನಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದಿರಿ, ಇಲ್ಲದಿದ್ದರೆ ತಂತಿಯ ಮೇಲೆ ಜೋತಾಡಿ ಬಾಗಿಲಿನ ಬಣ್ಣ ಕೆರೆಯುತ್ತೆ. ಈಗ ಬುಡ ನೋಡಿ. ತೀರ್ಮಾನ ಅಲ್ಲೇ ಆಗಿಹೋಗುತ್ತೆ.

ಗಾಜೊಂದೇ ಸಾಕು ಅನ್ನಿಸಿದರೆ ಇಷ್ಟೂ ಬಿಚ್ಚಬೇಕಿಲ್ಲ. ಒಡೆದ ಗಾಜಿನ ಮೇಲೆ ಅಗಲವಾದ ಪ್ಯಾಕಿಂಗ್ ಟೇಪ್ ಅಂಟಿಸಿ, ಕೈಗೆ ಗವಸು ಹಾಕಿ. ಆ ಕಾಲದ ಬಿಎಂಡಬ್ಲ್ಯೂ ಕನ್ನಡಿಯ ಕವಚದ ತಳದಲ್ಲಿ ಒಂದು ಸಣ್ಣ ತೂತು ಇರುತ್ತೆ, ಮಾಲೀಕರಲ್ಲಿ ಹೆಚ್ಚಿನವರು ಅದು ನೀರು ಹೋಗುವ ದಾರಿ ಅಂದುಕೊಂಡಿರುತ್ತಾರೆ. ಗಾಜನ್ನು ಮಟ್ಟಸವಾಗಿ ಕೂರಿಸಿ ಆ ತೂತಿನಿಂದ ಚಪ್ಪಟೆ ಸ್ಕ್ರೂಡ್ರೈವರ್ ಒಳಕ್ಕೆ ಬಿಟ್ಟರೆ ಹಲ್ಲುಹಲ್ಲಿನ ಒಂದು ಬಳೆ ತುದಿಗೆ ಸಿಗುತ್ತೆ. ಅದನ್ನು ಪಕ್ಕಕ್ಕೆ ತಳ್ಳಿದರೆ ಬೀಗ ತೆಗೆದು ಗಾಜು ಕೈಗೆ ಬರುತ್ತೆ. ಒಂದು ಕಡೆ ಸರಿಯದಿದ್ದರೆ ಇನ್ನೊಂದು ಕಡೆ, ಬಲ ಹಾಕಬೇಡಿ. ಬಿಸಿಯಾಗುವ ಗಾಜಾದರೆ ಹಿಂದೆ ಎರಡು ತಂತಿ. ತಂತಿ ಹಿಡಿದು ಎಳೆಯದೆ, ಲೋಹದ ತುದಿಯನ್ನು ಇಕ್ಕಳದಲ್ಲಿ ಹಿಡಿದು ಕಳಚಿ. ಹೊಸ ಗಾಜು ಕೂರಿಸಿ ಬಳೆಯನ್ನು ವಾಪಸು ತಳ್ಳಿ, ಬೆರಳಲ್ಲಿ ಅಲ್ಲಾಡಿಸಿ ನೋಡಿ. ಬೀಗ ಬೀಳದ ಗಾಜು ಮೊದಲ ಆಟೊಬಾನ್ ಸವಾರಿಯಲ್ಲೇ ಹಾರಿಹೋಗುತ್ತೆ.

ಕೊಳ್ಳುವ ಗಾಜಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ದೇಶದ ಅಂಕಿ ಇರಬೇಕು. 1 ಅಂದರೆ ಜರ್ಮನಿ, 3 ಇಟಲಿ, 4 ನೆದರ್ಲೆಂಡ್ಸ್. ಯಾವ ದೇಶದ್ದಾದರೂ ನಡೆಯುತ್ತೆ, ಗುರುತೇ ಇಲ್ಲದ್ದು ನಡೆಯಲ್ಲ. ಇಂಗ್ಲೆಂಡಿನ ಕಾರಿನಿಂದ ಕಳಚಿದ ಎಡಗನ್ನಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅಲ್ಲಿ ಎಡಗಡೆ ಕೂರುವುದು ಪಕ್ಕದವರು, ಅದರ ಗಾಜು ನಿಮ್ಮ ಚಾಲಕನ ಕಡೆಯ ಗಾಜಿನಂತೆಯೇ ಇರುತ್ತೆ ಅಂತ ನಂಬಿ ದುಡ್ಡು ಕಟ್ಟಬೇಡಿ.

ಬಣ್ಣದ ವಿಷಯ. ಕಪ್ಪು ಅಂದಿರಿ. ಬಿಸಿಲಲ್ಲಿ ಸಣ್ಣಗೆ ಮಿನುಗಿದರೆ ಅದು ಡಯಮಂಟ್‌ಶ್ವಾರ್ಜ್ ಮೆಟಾಲಿಕ್, ಕೋಡ್ 181. ಬಾನೆಟ್ಟಿನಡಿಯ ಚೀಟಿ ನೋಡಿ, ಆಮೇಲೆ ಡಬ್ಬ ಕೊಳ್ಳಿ.

ನಿಮ್ಮ ಕಾರಿಗೆ ಜರ್ಮನಿಯಲ್ಲಿ ಹಳೇ ಕಾರುಗಳಿಗೆ ಕೊಡುವ ಹಿಸ್ಟಾರಿಕ್ ‘ಎಚ್’ ನಂಬರ್ ಪ್ಲೇಟ್ ಇದ್ದೀತು. ಮೂವತ್ತು ತುಂಬಿದ ಕಾರು, ವರ್ಷಕ್ಕೆ 191.73 ಯೂರೊ ತೆರಿಗೆಯಲ್ಲಿ ಮುಗಿಯುತ್ತೆ. ಇರಲಿ ಇಲ್ಲದಿರಲಿ, ಈಗಿನ ಶೋಕಿಯ ‘ಸ್ಪೋರ್ಟ್’ ಕನ್ನಡಿ ಹಾಕಲು ಹೋಗಬೇಡಿ. ಆ ಪ್ಲೇಟಿಗಾಗಿ ತಪಾಸಣೆ ಮಾಡುವವರು ಕಾರು ಅದರ ಕಾಲದ್ದಾಗಿಯೇ ಉಳಿದಿದೆಯೇ ಅಂತ ನೋಡುತ್ತಾರೆ. ನನ್ನ ಕಣ್ಣಿಗೂ ಅವು ಚೆನ್ನಾಗಿ ಕಾಣಲ್ಲ, ಬಿಡಿ.

ಜೋಡಿಸಿದ ಮೇಲೆ ಹುಡ್, ಅಂದರೆ ಬಟ್ಟೆ ಚಾವಣಿ, ಎಳೆದುಕೊಂಡೇ ಕನ್ನಡಿ ಹೊಂದಿಸಿ. ಕನ್ವರ್ಟಿಬಲ್‌ನಲ್ಲಿ ಹುಡ್ ಮುಚ್ಚಿದಾಗ ಹಿಂದಿನ ಮೂಲೆಗಳು ಪೂರ್ತಿ ಬಟ್ಟೆ, ಹಿಂದಿನ ಕಿಟಕಿ ಮಂಕಾದ ಪ್ಲಾಸ್ಟಿಕ್. ಒಳಗನ್ನಡಿ ಅಲಂಕಾರಕ್ಕೆ, ನಂಬಬೇಕಾದದ್ದು ಬಾಗಿಲಿನದ್ದನ್ನೇ. ತಲೆಯನ್ನು ಪಕ್ಕದ ಕಿಟಕಿಗೆ ತಾಗುವಷ್ಟು ವಾಲಿಸಿ, ಆಗ ನಿಮ್ಮ ಕಾರಿನ ಪಕ್ಕೆ ಅಂಚಿನಲ್ಲಿ ಗೆರೆಯಷ್ಟು ಮಾತ್ರ ಕಾಣುವಂತೆ ಗಾಜನ್ನು ಹೊರಕ್ಕೆ ತಿರುಗಿಸಿ. ನೆಟ್ಟಗೆ ಕೂತಾಗ ಸ್ವಂತ ಕಾರು ಕಾಣಲ್ಲ. ಪಕ್ಕದ ಸಾಲಿನಲ್ಲಿ ನುಗ್ಗಿ ಬರುವವರು ಕಾಣುತ್ತಾರೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನನ್ನ ಹಳೇ ಕನ್ವರ್ಟಿಬಲ್‌ಗೆ ಯುರೋಪಿನಿಂದ ಅಗಲ ನೋಟದ ನೀಲಿ ಗಾಜು ತರಿಸಿ ಎರಡೂ ಕಡೆ ಹಾಕಬೇಕೆಂದಿದ್ದೇನೆ. ಸರಿಯೇ?
— ಓದುಗರು, ಅಮೆರಿಕ

ಉತ್ತರ: ಅಮೆರಿಕದ ನಿಯಮದಲ್ಲಿ ಕಾರಿನ ಚಾಲಕನ ಕಡೆ ಗಾಜು ಸಪಾಟಾಗಿರಬೇಕು. ಅಗಲ ನೋಟ ಕೊಡುವ ಉಬ್ಬುಗಾಜಿಗೆ ಅವಕಾಶ ಪಕ್ಕದವರ ಕಡೆ ಮಾತ್ರ. ಅದರ ಉಬ್ಬಿಗೂ ಮಿತಿ ಇದೆ, ಬಾಗಿನ ತ್ರಿಜ್ಯ 889ರಿಂದ 1651 ಮಿಲಿಮೀಟರ್ ಒಳಗೆ. ‘ಕನ್ನಡಿಯಲ್ಲಿರುವ ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ’ ಅನ್ನುವ ಎಚ್ಚರಿಕೆ ಕೆತ್ತಿರುವುದೂ ಅದಕ್ಕೇ. ಸಪಾಟು ಗಾಜಿಗೆ ಒಗ್ಗಿದ ಕಣ್ಣು ಉಬ್ಬುಗಾಜಿನಲ್ಲಿ ಟ್ರಕ್ಕು ದೂರವಿದೆ ಅಂದುಕೊಂಡುಬಿಡುತ್ತೆ. ಬಲಗಡೆ ಬೇಕಾದರೆ ನೋಡಿ, ಎಡಗಡೆ ಬೇಡ.

ಪ್ರಶ್ನೆ: ತೋಟದ ಓಡಾಟಕ್ಕೆ ಬಟ್ಟೆ ಹುಡ್ಡಿನ ಹಳೇ ಜಿಪ್ಸಿ ಇದೆ. ಹೊಸ ಕನ್ನಡಿ ಹಾಕಿಸಿದರೂ ಅರವತ್ತು ದಾಟಿದರೆ ಬಿಂಬ ನಡುಗುತ್ತೆ.
— ಓದುಗರು, ಚಿಕ್ಕಮಗಳೂರು

ಉತ್ತರ: ಕನ್ನಡಿ ಬದಲಿಸುವ ಮುಂಚೆ ಅದು ಕೂತಿರುವ ತಗಡನ್ನು ನೋಡಬೇಕಿತ್ತು. ಮಲೆನಾಡಿನ ಮಳೆಗೆ ಬಾಗಿಲ ತಗಡು ಬುಡದ ಸ್ಕ್ರೂ ಸುತ್ತ ತುಕ್ಕು ಹಿಡಿದು ತೆಳ್ಳಗಾಗಿರುತ್ತೆ. ಹೆಬ್ಬೆರಳಲ್ಲಿ ಒತ್ತಿ, ತಗಡು ಮಿಡಿದರೆ ಒಳಗಡೆ ಅಗಲವಾದ ಪಟ್ಟಿ ಕೊಟ್ಟು ಬಿಗಿಸಬೇಕು, ಕನ್ನಡಿಗೂ ತಗಡಿಗೂ ನಡುವೆ ತೆಳು ರಬ್ಬರ್ ಹಾಳೆ ಇರಲಿ. ತಗಡು ಗಟ್ಟಿ ಇದ್ದರೆ ಗಾಜು ತಿರುಗುವ ಕೀಲು ಸಡಿಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೇ ಕನ್ನಡಿಯನ್ನೂ ಕೈಯಲ್ಲಿ ಹಿಡಿದು ಹೋಗಿ, ಅಂಗಡಿಯವರು ‘ಇದೇ ಸಾರ್ ಜಿಪ್ಸಿದು’ ಅಂದದ್ದನ್ನೆಲ್ಲ ಅದರ ಪಕ್ಕ ಇಟ್ಟು ನೋಡಿ. ಹುಡ್ಡಿನ ಪ್ಲಾಸ್ಟಿಕ್ ಕಿಟಕಿ ಒರೆಸಲು ಪೆಟ್ರೋಲು, ತಿನ್ನರ್ ಮುಟ್ಟಬೇಡಿ, ಹಾಲುಬಣ್ಣಕ್ಕೆ ತಿರುಗಿಬಿಡುತ್ತೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.