ಓದುಗರ ಪ್ರಶ್ನೆ: ಹಿರಿಯರ ಮದುವೆಗೆ ಕ್ಯಾಮೆರಾ ಹಿಡಿಯುವಾಗ

ಪ್ರಶ್ನೆ: ನಮ್ಮ ಸೋದರತ್ತೆಗೆ 63 ವರ್ಷ, ಮಾವ ತೀರಿಕೊಂಡು ಬಹಳ ಕಾಲವಾಯಿತು. ಮುಂದಿನ ತಿಂಗಳು ಅವರು ನಿವೃತ್ತ ಶಿಕ್ಷಕರೊಬ್ಬರನ್ನು ಮದುವೆಯಾಗುತ್ತಿದ್ದಾರೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಶೇಷ ವಿವಾಹ ಕಾಯ್ದೆಯಂತೆ ಮದುವೆ, ಬಳಿಕ ಮನೆಯಲ್ಲಿ ಹಾರ ಬದಲಾಯಿಸಿಕೊಂಡು ಊಟ. ಬರುವವರು ಇಪ್ಪತ್ತು ಮಂದಿ. ಫೋಟೊ ತೆಗೆಯುವ ಹೊಣೆ ನನ್ನದು. ಮಿರರ್‌ಲೆಸ್ ಕ್ಯಾಮೆರಾ, 35 ಮತ್ತು 85 ಮಿ.ಮೀ. ಲೆನ್ಸ್‌ಗಳಿವೆ. ಹೇಗೆ ಸಿದ್ಧನಾಗಲಿ?
— ಓದುಗರು, ಸಾಗರ

ಉತ್ತರ: ಐನೂರು ಜನರ ಛತ್ರದಲ್ಲಿ ಛಾಯಾಗ್ರಾಹಕ ಎಲ್ಲಿ ಓಡಾಡಿದರೂ ಯಾರೂ ಗಮನಿಸುವುದಿಲ್ಲ; ಇಪ್ಪತ್ತು ಜನರಿರುವ ಕೋಣೆಯಲ್ಲಿ ನೀವು ಎದ್ದು ನಿಂತರೂ ಎಲ್ಲರ ಕಣ್ಣು ನಿಮ್ಮತ್ತ ತಿರುಗುತ್ತದೆ. ಆದ್ದರಿಂದ ಎಲ್ಲಿ ನಿಲ್ಲಬೇಕು, ಯಾವಾಗ ಜಾಗ ಬದಲಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ; ಆ ದಿನ ಕಡಿಮೆ ಚಲಿಸಿ.

ಕಚೇರಿಗೆ ಮುಂಚೆಯೇ ಹೋಗಿ, ಅಧಿಕಾರಿಗಳ ಅನುಮತಿ ಕೇಳಿ, ಬೆಳಕು ನೋಡಿಕೊಂಡು ಬನ್ನಿ. ಅಲ್ಲಿ ನಡೆಯುವುದು ಬರೀ ಸಹಿ ಎಂದು ಅನೇಕರು ತಿಳಿದಿರುತ್ತಾರೆ. 1954ರ ಆ ಕಾಯ್ದೆಯ ಪ್ರಕಾರ ವಧೂವರರು ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ತಮಗೆ ತಿಳಿಯುವ ಭಾಷೆಯಲ್ಲಿ, ಒಬ್ಬರನ್ನೊಬ್ಬರು ಪತಿ-ಪತ್ನಿಯಾಗಿ ಸ್ವೀಕರಿಸುವುದಾಗಿ ಬಾಯಿಬಿಟ್ಟು ಹೇಳಬೇಕು. ನನ್ನ ಮಟ್ಟಿಗೆ ಆ ದಿನದ ಅತಿ ಮುಖ್ಯ ಚಿತ್ರ ಅದೇ. ಅದು ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುವುದರಿಂದ, ಇಬ್ಬರ ಮುಖವೂ ಕಾಣುವಂತೆ ಮೇಜಿನ ಪಕ್ಕದಲ್ಲಿ 35 ಮಿ.ಮೀ. ಲೆನ್ಸ್ ಹಾಕಿಕೊಂಡು ಕಾದಿರಿ. ಸಾಕ್ಷಿಗಳು ಸಹಿ ಹಾಕುವುದನ್ನೂ ಬಿಡಬೇಡಿ. ಅವರಲ್ಲಿ ಮಕ್ಕಳೇ ಇದ್ದರೆ ಆ ಚಿತ್ರದ ಬೆಲೆಯೇ ಬೇರೆ.

ಒಂದು ತಾಂತ್ರಿಕ ಎಚ್ಚರಿಕೆ. ಸದ್ದಾಗಬಾರದೆಂದು ನೀವು ಸೈಲೆಂಟ್ ಷಟರ್ (ಪರದೆ ಚಲಿಸದೆ, ಎಲೆಕ್ಟ್ರಾನಿಕ್ ಆಗಿ ಚಿತ್ರ ತೆಗೆಯುವ ವಿಧಾನ) ಬಳಸಬಹುದು. ಆದರೆ ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಹಳೆಯ ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಚಿತ್ರದಲ್ಲಿ ಅಡ್ಡಪಟ್ಟೆಗಳು ಮೂಡುತ್ತವೆ. ಕಚೇರಿಯಲ್ಲಿ ಮೆಕ್ಯಾನಿಕಲ್ ಷಟರ್ (ಪರದೆ ತೆರೆದು ಮುಚ್ಚುವ ಮಾಮೂಲಿ ವಿಧಾನ) ಇಟ್ಟು, ವೇಗವನ್ನು 1/100 ಸೆಕೆಂಡಿಗೆ ನಿಲ್ಲಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600 ಅಥವಾ 3200ಕ್ಕೆ ಏರಿಸಲು ಅಂಜಬೇಡಿ. ಮನೆಯಲ್ಲಿ ಬರೀ ಕಿಟಕಿಯ ಬೆಳಕಿದ್ದಾಗ ಸೈಲೆಂಟ್ ಷಟರ್ ನಿಶ್ಚಿಂತೆಯಿಂದ ಬಳಸಿ.

ಮನೆಯಲ್ಲಿ ಹಾರ ಬದಲಾಯಿಸುವ ಜಾಗವನ್ನು ದೊಡ್ಡ ಕಿಟಕಿಯ ಎದುರಿಗೇ ಗೊತ್ತುಮಾಡಿಸಿ. ಒಂದೇ ಪಕ್ಕದಿಂದ ಬೀಳುವ ಗಡುಸು ಬೆಳಕು ಸುಕ್ಕುಗಳನ್ನು ಎತ್ತಿ ತೋರಿಸುತ್ತದೆ. ಬಿಳಿ ಪಂಚೆಯನ್ನು ಪರದೆಯಂತೆ ಕಟ್ಟಿದ ಕಿಟಕಿಗೆ ಮುಖ ಮಾಡಿ ನಿಂತರೆ ಬೆಳಕು ಮೃದುವಾಗುತ್ತದೆ. ಕನ್ನಡಕವನ್ನು ತೆಗೆಯಲು ಮಾತ್ರ ಹೇಳಬೇಡಿ, ಅವರ ಮುಖವೇ ಅಪರಿಚಿತವಾಗಿಬಿಡುತ್ತದೆ. ಗಾಜು ಹೊಳೆದರೆ ಗದ್ದವನ್ನು ತುಸು ತಗ್ಗಿಸಲು ಹೇಳಿ, ಇಲ್ಲವೇ ನೀವೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಚರ್ಮವನ್ನು ನುಣುಪಾಗಿಸುವ ಸಾಫ್ಟ್‌ವೇರಿನ ಗೊಡವೆ ಖಂಡಿತ ಬೇಡ: ಇವರು ಈ ವಯಸ್ಸಿನಲ್ಲಿ ಮದುವೆಯಾಗುತ್ತಿದ್ದಾರೆ, ಚಿತ್ರದಲ್ಲಿ ಆ ವಯಸ್ಸು ಕಾಣಲಿ.

ಗುಂಪಿನ ಫೋಟೊವನ್ನು ಊಟಕ್ಕೆ ಮುಂಚೆ, ಎಲ್ಲರೂ ಉತ್ಸಾಹದಲ್ಲಿರುವಾಗಲೇ ಮುಗಿಸಿ. ಹಿರಿಯರಿಗೆ ಕುರ್ಚಿಗಳಿರಲಿ, ಯಾರನ್ನೂ ನೆಲದಲ್ಲಿ ಕೂರಿಸಿ ಏಳಿಸಬೇಡಿ. ಇಬ್ಬರನ್ನೇ ಕೂರಿಸಿ 85 ಮಿ.ಮೀ. ಲೆನ್ಸಿನಲ್ಲಿ ಹತ್ತು ನಿಮಿಷ ತೆಗೆಯಿರಿ, ಸಾಕು. ತಲೆಗೆ ತಲೆ ತಾಗಿಸಿ, ಕೈ ಹಿಡಿಯಿರಿ ಎಂದು ಒತ್ತಾಯಿಸುವುದಕ್ಕಿಂತ ಅವರಷ್ಟಕ್ಕೆ ಮಾತನಾಡಲು ಬಿಡಿ.

ಇನ್ನೊಂದು ಮಾತನ್ನು ಅತ್ತೆಯವರ ಬಳಿ ಮೊದಲೇ, ಏಕಾಂತದಲ್ಲಿ ಕೇಳಿಕೊಳ್ಳಿ. ಗೋಡೆಯ ಮೇಲೆ ನಿಮ್ಮ ಮಾವನವರ ಪಟವಿದ್ದರೆ ಅದು ಚಿತ್ರಗಳಲ್ಲಿ ಬರಬೇಕೆ, ಬೇಡವೆ? ಕೆಲವರಿಗೆ ಅದು ಇರಲೇಬೇಕು, ಕೆಲವರಿಗೆ ನೋವು, ನೀವು ಊಹಿಸಬೇಡಿ. ಈ ಮದುವೆಗೆ ಮನಸ್ಸು ಪೂರ್ತಿ ಒಪ್ಪದ ನೆಂಟರಿದ್ದರೆ ಅವರ ಮುಖಭಾವವನ್ನು ಹತ್ತಿರದಿಂದ ಹಿಡಿಯಬೇಡಿ. ಫೋಟೊಗಳನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ವಧೂವರರಿಬ್ಬರಿಗೂ ತೋರಿಸಿ, ಅವರು ಬೇಡವೆಂದದ್ದನ್ನು ತೆಗೆದುಹಾಕಿ, ಉಳಿದವುಗಳಲ್ಲಿ ಮೂವತ್ತು-ನಲವತ್ತನ್ನು ಆರಿಸಿ, ಕನ್ನಡಕವಿಲ್ಲದೆಯೂ ಕಾಣುವಷ್ಟು ದೊಡ್ಡದಾಗಿ ಮುದ್ರಿಸಿದ ಆಲ್ಬಮ್ ಮಾಡಿಸಿಕೊಡಿ.