ಆನೆಯ ಕಣ್ಣು ಅಳಿಸದಿರಲಿ

ಪ್ರಶ್ನೆ: ಅಜ್ಜ ಮೈಸೂರಿನಿಂದ ತಂದ ಬೀಟೆ ಮರದ ಗಾಜಿನ ಬೀರು ಮಂಕಾಗಿದೆ. ಬಾಗಿಲ ಕೆಳಹಲಗೆಯಲ್ಲಿ ಬಿಳಿಯ ಆನೆ, ಹೂಬಳ್ಳಿಗಳ ಕುಸುರಿಯಿದೆ. ಪಾಲಿಶ್ ಮಾಡಿಸಿದರೆ ಒಳ್ಳೆಯ ಬೆಲೆ ಬಂದೀತೇ?
– ಓದುಗರೊಬ್ಬರು, ಹಾಸನ

ಉತ್ತರ: ಬೆಲೆಯ ಮಾತು ಆಮೇಲೆ. ಪಾಲಿಶ್‌ನವರಿಗೆ ಹೇಳಿ ಕಳುಹಿಸಿದ್ದರೆ ಮೊದಲು ಬೇಡವೆಂದುಬಿಡಿ.

ಭೂತಗನ್ನಡಿ ಹಿಡಿದು ಆ ಆನೆಯನ್ನು ನೋಡಿ. ಕಣ್ಣು, ಕಿವಿಯ ಮಡಿಕೆ, ಬೆನ್ನ ಮೇಲಿನ ಜೂಲಿನ ಅಂಚು ಎಲ್ಲವೂ ಕೂದಲೆಳೆಯಂಥ ಕಪ್ಪು ಗೆರೆಗಳು. ಮೈಸೂರಿನ ಕುಸುರಿಯವರು ತೆಳುವಾದ ಬಿಳಿಯ ತುಂಡಿನಲ್ಲಿ ಆನೆಯ ಆಕಾರವನ್ನು ಸಣ್ಣ ಗರಗಸದಿಂದ ಕತ್ತರಿಸಿ, ಬೀಟೆಯ ಮೇಲಿಟ್ಟು ಸುತ್ತ ಗೀರಿ, ಗೀರಿದಷ್ಟೇ ಜಾಗವನ್ನು ಉಳಿಯಿಂದ ತೋಡಿ ಅಂಟಿನಿಂದ ಕೂರಿಸುತ್ತಿದ್ದರು. ಹಲಗೆ ಒಂದೇ ಮಟ್ಟಕ್ಕೆ ಬಂದ ಮೇಲೆ ಮೊನಚಾದ ಉಕ್ಕಿನ ಕಡ್ಡಿಯಿಂದ ಗೆರೆ ಕೊರೆದು ಕಪ್ಪು ಅರಗು ತುಂಬುತ್ತಿದ್ದರು. ಆ ಗೆರೆಯ ಆಳವಾದರೂ ಎಷ್ಟಿದ್ದೀತು? ಉಪ್ಪುಕಾಗದ ನಾಲ್ಕು ಸಲ ಓಡಾಡಿದರೆ ಕಥೆ ಮುಗಿಯಿತು. ನಮ್ಮ ಮನೆಯ ಟೀಪಾಯಿಗೆ ಆದದ್ದು ಅದೇ. ಹೊಳಪು ಬಂತು, ನವಿಲು ಕುರುಡಾಯಿತು. ಮಾಡಿಸಿದವನು ನಾನೇ, ಯಾರನ್ನು ಬೈಯಲಿ!

ಇನ್ನು ಆ ಬಿಳುಪು ಯಾವುದರದು? ಹಳೆಯ ಕೆಲಸವಾದರೆ ದಂತವಿರಬಹುದು. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ಗಣೇಶನ ಗುಡಿಗೆ ತೆರೆಯುವ ಬೀಟೆಯ ಬಾಗಿಲಿಗೆ ಕೂರಿಸಿರುವುದು ದಂತವನ್ನೇ. ಭೂತಗನ್ನಡಿಯಲ್ಲಿ ಕಪ್ಪು ಚುಕ್ಕೆ, ಸಣ್ಣ ಗೀರು ಕಂಡರೆ ಮೂಳೆ. ಯಾವ ಎಳೆಯೂ ಇಲ್ಲದೆ ಒಂದೇ ಸಮನಾಗಿದ್ದರೆ ಪ್ಲಾಸ್ಟಿಕ್ ಎಂದು ಅನುಮಾನಿಸಬಹುದು. 1986ರ ಕಾನೂನು ತಿದ್ದುಪಡಿಯಿಂದ ನಮ್ಮ ಆನೆಗಳ ದಂತದ ವ್ಯಾಪಾರ ನಿಂತ ಮೇಲೆ ಕುಸುರಿಯವರು ಪ್ಲಾಸ್ಟಿಕ್ಕನ್ನೂ ಬಗೆಬಗೆಯ ಬಣ್ಣದ ಮರಗಳನ್ನೂ ಹಿಡಿದರು. ಹಳದಿಗೆ ಹಲಸಿನ ಮರ, ಅದಕ್ಕೆ ಬಣ್ಣವೇ ಬೇಡ. ಕಾದ ಸೂಜಿ ಚುಚ್ಚಿ ಪರೀಕ್ಷಿಸಿ ಎಂದು ಯಾರಾದರೂ ಬುದ್ಧಿ ಹೇಳಿದರೆ ಕಾಫಿ ಕೊಟ್ಟು ಕಳುಹಿಸಿ.

ದಂತವೇ ಆಗಿದ್ದರೆ ಬೆಲೆಯ ಪ್ರಶ್ನೆಯೇ ಏಳುವುದಿಲ್ಲ, ಮಾರುವುದು ಅಪರಾಧ. ಇಟ್ಟುಕೊಳ್ಳುವುದಕ್ಕೂ ಮಾಲೀಕತ್ವದ ಪ್ರಮಾಣಪತ್ರ ಬೇಕು. ಅಜ್ಜನ ಕಾಗದಪತ್ರಗಳಲ್ಲಿ ಹುಡುಕಿ, ಸಿಗದಿದ್ದರೆ ನೀವಾಗಿಯೇ ಅರಣ್ಯ ಇಲಾಖೆಯವರನ್ನು ಕಂಡು ವಿಚಾರಿಸಿ.

ಮಂಕಿಗೆ ಮದ್ದು ಸುಲಭ. ಮೆತ್ತನೆಯ ಒಣಬಟ್ಟೆಯಿಂದ ಧೂಳು ಒರೆಸಿ. ಕುಸುರಿ ಮೇಲೆದ್ದ ಕಡೆ ಬಟ್ಟೆ ಸಿಕ್ಕಿಕೊಂಡೀತು, ಅಲ್ಲಿ ಕುಂಚ ಸಾಕು. ನೀರು ತಾಗಿಸಬೇಡಿ. ಬಿಸಿಲು ಬೀಳುವ ಕಿಟಕಿಯೆದುರು ಇಟ್ಟಿದ್ದರೆ ಜಾಗ ಬದಲಿಸಿ. ಬೀರು ಎತ್ತುವಾಗ ಮಾತ್ರ ತಲೆಯ ಮೇಲಿನ ಕಿರೀಟದಂಥ ಕೆತ್ತನೆಗೆ ಕೈಹಾಕಬೇಡಿ. ಎಷ್ಟೋ ಹಳೆಯ ಬೀರುಗಳಲ್ಲಿ ಅದು ಬಿಡಿ ಭಾಗ, ಕೈಗೇ ಬಂದುಬಿಡುತ್ತದೆ.