ಲೇಟ್ ನೈಟ್ ಶೋನೂ ನನ್ನ ಜೆರಾಕ್ಸ್ ಮಷೀನೂ

‘ಅಮೆರಿಕದ ಲೇಟ್ ನೈಟ್ ಶೋಗಳನ್ನ ಕನ್ನಡದವರು ಯಾಕೆ ನೋಡ್ತೀರಿ, ನಿಮಗೆ ಯಾರು ಇಷ್ಟ, ಕನ್ನಡ ಟಿವಿಯಲ್ಲಿ ಅಂಥದ್ದು ಯಾಕಿಲ್ಲ?’ ಅಂತ ಕೇಳಿದ್ದೀರಿ. ಒಂದೇ ಉಸಿರಿಗೆ ಮೂರು ಪ್ರಶ್ನೆ. ಲೇಟ್ ನೈಟ್ ಶೋ ಅಂದರೆ ಅಲ್ಲಿನ ಟಿವಿಯಲ್ಲಿ ರಾತ್ರಿ ಹೊತ್ತು ಬರೋ ಹಾಸ್ಯ, ಹರಟೆಯ ಕಾರ್ಯಕ್ರಮ. ಉತ್ತರ ಮಾತ್ರ ಸ್ವಲ್ಪ ಅಡ್ಡಾಡಿಕೊಂಡು ಬರ್ತದೆ, ಸಹಿಸ್ಕೋರಿ.

ನಂದು ಧಾರವಾಡದ ಸಪ್ತಾಪುರದಲ್ಲಿ ಒಂದು ಜೆರಾಕ್ಸ್ ಅಂಗಡಿ. ಸುತ್ತಮುತ್ತ ಬರೀ ಕೋಚಿಂಗ್ ಸೆಂಟರು, ಲೈಬ್ರರಿ, ಪಿಜಿ. ಬೆಳಗ್ಗೆ ಒಂಬತ್ತೂವರೆಗೆ ಶಟರ್ ಎತ್ತಿ, ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ, ಮಷೀನ್ ಆನ್ ಮಾಡಿದರೆ ಅದು ಬಿಸಿ ಆಗೋಕೆ ಐದಾರು ನಿಮಿಷ ಬೇಕು. ಹಳೇ ಮಷೀನು, ನನ್ನ ಹಾಗೇ ಎದ್ದ ಕೂಡಲೇ ಕೆಲಸಕ್ಕೆ ಬಗ್ಗೋದಿಲ್ಲ. ಆ ಹೊತ್ತಿನಲ್ಲೇ ನಾನು ಮೊಬೈಲ್ ಅನ್ನ ಸ್ಟೇಪ್ಲರ್ ಡಬ್ಬಿಗೆ ಒರಗಿಸಿ ಲೇಟ್ ನೈಟ್ ಶೋ ನೋಡೋದು. ನ್ಯೂಯಾರ್ಕಿನಲ್ಲಿ ಇಂಥ ಶೋ ಶುರುವಾಗೋ ರಾತ್ರಿ 11.35 ಆದಾಗ ನಮ್ಮಲ್ಲಿ ಬೇಸಿಗೆಯಾದರೆ ಬೆಳಗ್ಗೆ 9.05, ಚಳಿಗಾಲದಲ್ಲಾದರೆ 10.05. ಹಾಗಾಗಿ ನನ್ನ ಪಾಲಿಗೆ ಲೇಟ್ ನೈಟ್ ಅಂದರೆ ಒಗ್ಗರಣೆ ಅವಲಕ್ಕಿ ತಿಂದು ಕೈ ತೊಳೆದ ಹೊತ್ತು. ಅಲ್ಲಿಯವರೇನು ನಿದ್ದೆಗೆಟ್ಟು ಮಾಡ್ತಾರೆ ಅಂದ್ಕೋಬೇಡಿ. ಬಹಳಷ್ಟು ಶೋಗಳ ಶೂಟಿಂಗು ಸಂಜೆ ಐದೂವರೆ ಆಸುಪಾಸಿಗೇ ನಡೀತದೆ. ಮಾಡೋರಿಗೂ ರಾತ್ರಿ ಅಲ್ಲ, ನೋಡೋ ನನಗೂ ರಾತ್ರಿ ಅಲ್ಲ.

ಯಾಕೆ ನೋಡ್ತೀನಿ ಅಂದರೆ, ನಿಜ ಹೇಳಬೇಕಂದ್ರೆ, ಜೋಕಿಗಾಗಿ ಅಲ್ಲ. ಅರ್ಧ ಜೋಕು ನನಗೆ ತಿಳಿಯೋದೇ ಇಲ್ಲ. ಅಲ್ಲಿನ ಯಾವ ಸೆನೆಟರ್ ಎಲ್ಲಿ ಎಡವಿದ ಅಂತ ನನಗೇನು ಗೊತ್ತು? ಆದರೆ ಒಬ್ಬ ಮನುಷ್ಯ ದಿನಾ ಅದೇ ಹೊತ್ತಿಗೆ ಪರದೆ ಸರಿಸಿಕೊಂಡು ಬಂದು, ‘ಇವತ್ತು ಏನಾಯ್ತಪ್ಪಾ ಅಂದ್ರ’ ಅಂತ ಶುರು ಮಾಡ್ತಾನಲ್ಲ, ಅದರ ರುಚಿ ಬೇರೆ. ಹತ್ತು ನಿಮಿಷ ನಿಂತು ಮಾತು, ಆಮೇಲೆ ಮೇಜಿನ ಹಿಂದೆ ಕೂತು ಮಾತು, ಒಬ್ಬಿಬ್ಬರು ಅತಿಥಿಗಳು, ಕೊನೆಗೊಂದು ಹಾಡು. 1954ರಲ್ಲಿ ಸ್ಟೀವ್ ಅಲೆನ್ ‘ದಿ ಟುನೈಟ್ ಶೋ’ ಶುರು ಮಾಡಿದಾಗಿನಿಂದ ಹೆಚ್ಚುಕಮ್ಮಿ ಇದೇ ಸಾಲು. ಜಾನಿ ಕಾರ್ಸನ್ ಆ ಕುರ್ಚಿಯಲ್ಲಿ 1962ರಿಂದ 1992ರವರೆಗೆ ಕೂತಿದ್ದ. ಮೂವತ್ತು ವರ್ಷ! ಸರ್ಕಾರಿ ನೌಕರಿಯಲ್ಲೂ ಅಷ್ಟು ವರ್ಷ ಒಂದೇ ಟೇಬಲ್ಲಿಗೆ ಕೂಡಿಸೋದಿಲ್ಲ, ವರ್ಗಾ ಮಾಡ್ತಾರೆ.

ಇನ್ನು ಯಾರು ಇಷ್ಟ ಅನ್ನೋದು. ಡೇವಿಡ್ ಲೆಟರ್‌ಮನ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. 1982ರಿಂದ 2015ರವರೆಗೆ, ಮೊದಲು ಎನ್‌ಬಿಸಿ ಆಮೇಲೆ ಸಿಬಿಎಸ್ ಚಾನೆಲ್ಲಿನಲ್ಲಿ, ಒಟ್ಟು 33 ವರ್ಷ ಮಾಡಿದವನು. ಅವನಿಗೆ ತನ್ನ ಶೋ ಬಗ್ಗೆಯೇ ಒಂಥರಾ ಬೇಸರ. ಜೋಕು ಬಿದ್ದುಹೋದರೆ ಆ ಬಿದ್ದದ್ದನ್ನೇ ಎತ್ತಿಕೊಂಡು ಇನ್ನೆರಡು ನಿಮಿಷ ಆಡ್ತಾನೆ. 1984ರಲ್ಲಿ ಮೈತುಂಬಾ ವೆಲ್ಕ್ರೋ ಬಟ್ಟೆ ಹಾಕ್ಕೊಂಡು ಜಿಗಿದು ಗೋಡೆಗೆ ಅಂಟಿಕೊಂಡ. ನಮ್ಮ ಬ್ಯಾಗು, ಚಪ್ಪಲಿಗೆಲ್ಲ ಚರ್‍ರ್ ಅಂತ ಕಿತ್ತುಬರೋ ಪಟ್ಟಿ ಇರ್ತದಲ್ಲ, ಅದೇ. ಸೂಟು ಬೂಟಿನವರ ಟಿವಿಯಲ್ಲಿ ಒಬ್ಬ ಹಲ್ಲಿ ಹಾಗೆ ಗೋಡೆ ಮೇಲೆ.

ಒಮ್ಮೆ ಅಪ್ಪ ಅಂಗಡಿಗೆ ಬಂದು ಕೂತಿದ್ದರು. ಹಾವೇರಿ ಕಡೆಯ ರೈತರು. ಈಗ ಹೊಲ ಲಾವಣಿಗೆ ಕೊಟ್ಟು ನನ್ನ ಹತ್ತಿರ ಇದ್ದಾರೆ. ಇಂಗ್ಲಿಷ್ ಒಂದಕ್ಷರ ಬರೋದಿಲ್ಲ. ಲೆಟರ್‌ಮನ್ ಐದಂತಸ್ತಿನ ಕಟ್ಟಡದ ಮೇಲಿಂದ ಕಲ್ಲಂಗಡಿ ಕೆಳಗೆ ಹಾಕೋ ಹಳೇ ವಿಡಿಯೋ ಓಡ್ತಿತ್ತು. ಹಣ್ಣು ಡಬ್ ಅಂತ ಬಿದ್ದು ರಸ್ತೆಯೆಲ್ಲಾ ಕೆಂಪು. ನಾನು ನಗ್ತಿದ್ದೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು.

‘ಯಾಕಂತೋ ಇಂವಾ ಹಣ್ಣ ಒಗ್ಯಾಕತ್ತಾನ?’

‘ಸುಮ್ನ ಅಪ್ಪಾ. ಮಂದಿ ನಗಲಿ ಅಂತ.’

ಇನ್ನೊಂದು ಹಣ್ಣು ಬಿತ್ತು. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, ‘ಹಣ್ಣ ಚಲೋ ಕೆಂಪ ಐತಿ’ ಅಂದರು. ಆಮೇಲೆ ಇನ್ನೊಂದು ಬಿದ್ದಾಗ ನನಗಿಂತ ಜೋರಾಗಿ ನಕ್ಕಿದ್ದು ಅವರೇ. ಈಗಲೂ ಅವರಿಗೆ ಅವನ ಹೆಸರು ಬರೋದಿಲ್ಲ, ‘ಕಲ್ಲಂಗಡಿಯಂವಾ’.

ಕೋನನ್ ಓಬ್ರಯಾನ್ ಎರಡನೆಯವನು. ಅವನು ಬೇರೆ ಯಾರನ್ನೂ ಅಲ್ಲ, ತನ್ನನ್ನೇ ಹುರಿದು ತಿನ್ನುವವನು. 2009ರಲ್ಲಿ ಟುನೈಟ್ ಶೋ ಸಿಕ್ಕಿತು. ಏಳೇ ತಿಂಗಳಿಗೆ ಚಾನೆಲ್‌ನವರು ಹಳಬ ಜೇ ಲೆನೋನನ್ನ 11.35ಕ್ಕೆ ತಂದು ಇವನನ್ನ ಅರ್ಧ ಗಂಟೆ ಹಿಂದಕ್ಕೆ, ರಾತ್ರಿ 12.05ಕ್ಕೆ ತಳ್ಳೋಕೆ ಹೊರಟರು. ಆಗೋದಿಲ್ಲ ಅಂತ ಕುರ್ಚಿ ಬಿಟ್ಟು ಎದ್ದ. 2010ರ ಜನವರಿ 22ಕ್ಕೆ ಕೊನೆಯ ಶೋ. ಅರ್ಧ ಗಂಟೆಗೆ ಇಷ್ಟೊಂದಾ ಅನ್ನಿಸಬಹುದು. ಆದರೆ ಮುಂಜಾನೆ ಬಾಗಿಲು ತೆಗೆಯೋ ಹೊತ್ತಿಗೆ ಗಿರಾಕಿ ಎಷ್ಟು ಅಂಟಿಕೊಂಡಿರ್ತಾನೆ ಅಂತ ಅಂಗಡಿ ಇಟ್ಟವರನ್ನ ಕೇಳಿ. ಜಿಮ್ಮಿ ಫಾಲನ್ ನನಗೆ ಅಷ್ಟಕ್ಕಷ್ಟೆ. ಅತಿಥಿ ಬಾಯಿ ತೆರೆಯೋದರೊಳಗೆ ಮೇಜು ಬಡಿದು ನಗೋ ಮನುಷ್ಯನ ಜೊತೆ ನನಗೆ ನಗೋಕೆ ಏನೂ ಉಳಿಯೋದಿಲ್ಲ. ಜಾನ್ ಆಲಿವರ್ ಒಳ್ಳೆಯವನೇ, ಆದರೆ ವಾರಕ್ಕೊಮ್ಮೆ ಬರೋನು. ನನ್ನ ಮಷೀನು ದಿನಾ ಬಿಸಿ ಆಗಬೇಕಲ್ಲ.

ಹಿಂದಿಯಲ್ಲಿ ಇಂಥದ್ದು ನಡೆದಿತ್ತು. 1997ರಲ್ಲಿ ಸೋನಿಯಲ್ಲಿ ಶೇಖರ್ ಸುಮನ್ ‘ಮೂವರ್ಸ್ ಅಂಡ್ ಶೇಕರ್ಸ್’ ಶುರು ಮಾಡಿದ. ವಾಜಪೇಯಿ ಅವರು ಎರಡು ಮಾತಿನ ನಡುವೆ ಬಿಡುತ್ತಿದ್ದ ಆ ಉದ್ದನೆಯ ಮೌನವನ್ನ ಅವನು ಮಾಡಿ ತೋರಿಸ್ತಿದ್ದ. ಮಾತನ್ನ ಅನುಕರಿಸೋರು ಊರಿಗೆ ಹತ್ತು ಜನ, ಮೌನ ಅನುಕರಿಸೋದು ಕಷ್ಟ.

ಕನ್ನಡಕ್ಕೆ ಬಂದರೆ, ನನಗೆ ಮನಸಾರೆ ಇಷ್ಟವಾಗಿದ್ದು ‘ಮಜಾ ಟಾಕೀಸ್’ನ ವರಲಕ್ಷ್ಮಿ. ಅಪರ್ಣಾ ಅವರ ಪಾತ್ರ. ದೂರದರ್ಶನದಲ್ಲಿ ಅವರ ನಿರೂಪಣೆ ಕೇಳಿ ಬೆಳೆದವರು ನಾವು. ಬೆಂಗಳೂರು ಮೆಟ್ರೋದಲ್ಲಿ ‘ಮುಂದಿನ ನಿಲ್ದಾಣ’ ಅಂತ ಹೇಳೋ ಕನ್ನಡದ ದನಿಯೂ ಅವರದೇ. ಅಷ್ಟು ತೂಕದ, ಅಷ್ಟು ಶುದ್ಧ ಮಾತಿನ ಹೆಣ್ಣುಮಗಳು ಸೃಜನ್ ಲೋಕೇಶ್ ಮುಂದೆ ನಿಂತು, ಆ ಗತ್ತನ್ನೇ ಎರಡು ಪಟ್ಟು ಹಿಗ್ಗಿಸಿ, ತನ್ನನ್ನೇ ಗೇಲಿ ಮಾಡಿಕೊಂಡರು. ಪದ ಒಂದೂ ಜಾರ್ತಿರಲಿಲ್ಲ. ಆಗಲೇ ಗೊತ್ತಾಗಿದ್ದು, ಕಾಮಿಡಿಗೆ ಕೆಟ್ಟ ಕನ್ನಡ ಬೇಕಿಲ್ಲ ಅಂತ. 2024ರ ಜುಲೈ 11ಕ್ಕೆ ತೀರಿಕೊಂಡರು. ನಾನು ಬೆಂಗಳೂರಿಗೆ ಟೋನರ್ ತರೋಕೆ ಹೋದಾಗ ಮೆಟ್ರೋದಲ್ಲಿ ಆ ದನಿ ಕೇಳಿದರೆ ಈಗಲೂ ಒಂದು ಕ್ಷಣ ವರು ಮುಖವೇ ಬರ್ತದೆ.

ಉಳಿದಂತೆ ಶನಿವಾರ, ಭಾನುವಾರದ ಸ್ಕಿಟ್ಟುಗಳ ಬಗ್ಗೆ ನನ್ನ ತಕರಾರು ಎರಡೇ. ಒಂದು, ಪ್ರತಿ ಮಾತಿಗೂ ‘ಟೊಯ್ಂಯ್’ ಅಂತ ಒಂದು ಸದ್ದು. ನಗು ಎಲ್ಲಿ ಬರಬೇಕು ಅಂತ ನಮಗೆ ಗೊತ್ತಾಗೋದಿಲ್ಲವಾ? ಎರಡನೆಯದು, ನಮ್ಮ ಭಾಷೆ. ಸ್ಕಿಟ್ಟಿನಲ್ಲಿ ಒಬ್ಬ ಪಟಗಾ ಸುತ್ತಿಕೊಂಡು ಬಂದು ‘ಏನಲೇ ಮಗನ’ ಅಂದರೆ ಸಾಕು, ಅದೇ ಜೋಕು. ಅಲ್ರೀ, ನಾವು ಹಾಲಿನವನ ಜೊತೆಗೂ ಹಿಂಗೇ ಮಾತಾಡೋದು! ನಮ್ಮ ಮಾತಲ್ಲಿ ಜೋಕು ಹೇಳೋದು ಬೇರೆ, ನಮ್ಮ ಮಾತನ್ನೇ ಜೋಕು ಮಾಡೋದು ಬೇರೆ. ಗಂಗಾವತಿ ಪ್ರಾಣೇಶ್ ಅವರು ಒಂದು ಮೈಕಿನ ಮುಂದೆ ನಿಂತು, ಯಾವ ಟೊಯ್ಂಯ್ ಇಲ್ಲದೆ, ನಮ್ಮ ಕಡೆ ಮಾತಲ್ಲೇ ಸಭೆ ಸಭೆಯನ್ನೇ ನಗಿಸ್ತಾರಲ್ಲ, ಅದು ನಮ್ಮ ಮಾತಲ್ಲಿ ಜೋಕು ಹೇಳೋದು.

ದಿನದ ಶೋ ಕನ್ನಡದಲ್ಲಿ ಯಾಕಿಲ್ಲ? ಖರ್ಚು ಒಂದು. ಸ್ಟೀಫನ್ ಕೋಲ್ಬೇರ್ ಒಬ್ಬನ ಶೋಗೆ 200 ಜನ ದುಡೀತಿದ್ದರು ಅಂತ ಅವನೇ ಹೇಳಿದ್ದಾನೆ. ವಾರಕ್ಕೆರಡು ದಿನ ಸ್ಕಿಟ್ ಬರೆಯೋದು ಒಂದು, ದಿನಾ ಬೆಳಗ್ಗೆ ಪೇಪರ್ ನೋಡಿ ಸಂಜೆಗೆ ಬರೆಯೋದು ಇನ್ನೊಂದು. ನಿನ್ನೆಯ ಸುದ್ದಿಯ ಜೋಕು ನಾಳೆಗೆ ಹಳಸಿದ ಸಾರು. ಆದರೆ ಕೇಳೋರು ಇಲ್ಲ ಅಂತ ಮಾತ್ರ ಹೇಳಬೇಡಿ.

2025ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರದ ಶಟ್‌ಡೌನ್ ನಡೆದಿತ್ತಲ್ಲ, 43 ದಿನ ಎಳೆದದ್ದು, ಆಗ ಒಂದು ದಿನ ನಾನು ಮೊಬೈಲ್ ನೋಡಿ ನಗ್ತಿದ್ದೆ. ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗ ನೋಟ್ಸ್ ಹಿಡಿದು ನಿಂತಿದ್ದ. ‘ಅಣ್ಣಾರ, ಏನಂದ್ರೀ ಅಂವಾ?’ ಅಂದ. ಅಲ್ಲಿ ದುಡ್ಡಿನ ಮಸೂದೆ ಪಾಸಾಗದಿದ್ದರೆ ಸರ್ಕಾರಿ ಕೆಲಸ ನಿಲ್ತದೆ, ನೌಕರರಿಗೆ ಪಗಾರ ತಡ ಆಗ್ತದೆ, ಅದರ ಮೇಲೆ ಜೋಕು ಮಾಡ್ತಿದ್ದಾನೆ ಅಂತ ಬಿಡಿಸಿ ಹೇಳಿದೆ. ಹುಡುಗ ನಗಲಿಲ್ಲ. ಮುಖ ಸಣ್ಣದಾಯ್ತು.

‘ಸರ್ಕಾರಿ ನೌಕರಿ ಇದ್ರೂ ಪಗಾರ ಇಲ್ಲನ್ರೀ? ಮತ್ತ ಎದಕ್ಕ ಓದಬೇಕ್ರೀ?’

ಹಿಂದಿದ್ದ ಇನ್ನೊಬ್ಬ ‘ಮೊದಲ ಪರೀಕ್ಷೆ ಆಗ್ಲಿ ತಡೀಲೇ’ ಅಂದ. 545 ಪಿಎಸ್‌ಐ ಹುದ್ದೆಗೆ 2021ರಲ್ಲಿ ಆದ ಪರೀಕ್ಷೆ ಅಕ್ರಮದ ಕಾರಣ ರದ್ದಾಗಿ, ಮತ್ತೆ ಬರೆಸಿದ್ದು 2024ರ ಜನವರಿಗೆ. ಇಲ್ಲಿ ಓದೋ ಪ್ರತಿ ಹುಡುಗನಿಗೂ ಅದು ಬಾಯಿಪಾಠ. ಆಗ ಮೊದಲನೆಯವನು ನೋಟ್ಸನ್ನ ಕೌಂಟರ್ ಮೇಲೆ ಇಟ್ಟು, ‘ಹಿಂಗ ಆದ್ರ ನಾ ಪಿಎಸ್‌ಐ ಆಗೂದ್ರಾಗ ಕಳ್ಳರೆಲ್ಲಾ ರಿಟೈರ್ ಆಗಿರ್ತಾರ್ರೀ’ ಅಂದ. ಅಂಗಡಿಯಲ್ಲಿದ್ದ ಆರೇಳು ಜನರೂ ಗೊಳ್ ಅಂದರು. ನಾನು ಮೊಬೈಲ್ ಬಂದ್ ಮಾಡಿದೆ. ಆ ಹುಡುಗನಿಗೆ ಜೆರಾಕ್ಸ್ ದುಡ್ಡಲ್ಲಿ ಐದು ರೂಪಾಯಿ ಬಿಟ್ಟೆ.

ಕನ್ನಡದಲ್ಲಿ ಅಂಥ ಶೋ ಇಲ್ಲದಿರೋದಕ್ಕೆ ಇನ್ನೊಂದು ಕಾರಣ ಧೈರ್ಯ. ಅಮೆರಿಕದಲ್ಲೂ ಅದು ಅಗ್ಗವಲ್ಲ. 2025ರ ಜುಲೈನಲ್ಲಿ ಕೋಲ್ಬೇರ್ ತನ್ನ ಚಾನೆಲ್ ಸಿಬಿಎಸ್‌ನ ಒಡೆಯರಾದ ಪ್ಯಾರಾಮೌಂಟ್ ಕಂಪನಿ, ಟ್ರಂಪ್ ಹಾಕಿದ್ದ ಕೇಸಿನಲ್ಲಿ ಅವರ ಜೊತೆ 1.6 ಕೋಟಿ ಡಾಲರಿಗೆ ಮಾಡಿಕೊಂಡ ರಾಜಿಯನ್ನ ನೇರವಾಗಿ ಲಂಚ ಅಂದ. ಕೆಲವೇ ದಿನದಲ್ಲಿ, 2026ರ ಮೇ ತಿಂಗಳಿಗೆ ಅವನ ಶೋ ಮುಗಿಸ್ತೀವಿ ಅಂತ ಘೋಷಣೆ ಆಯ್ತು. ಕಾರಣ ಬರೀ ಹಣಕಾಸಿನದು ಅಂತ ಸಿಬಿಎಸ್ ಹೇಳಿತು.

ಲಂಚ ಅನ್ನೋ ಮಾತು ಬಂದ ಕೂಡಲೇ ಅಪ್ಪನ ಕಿವಿ ನಿಮಿರಿತು. ಅವರ ಪಾಲಿಗೆ ಲೇಟ್ ನೈಟ್ ಶೋ ಅಂದರೆ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’. ರಾತ್ರಿ ನಾಟಕ, ನಡುವೆ ಕಥೆ ಬಿಟ್ಟು ಆವತ್ತಿನ ರಾಜಕೀಯದ ಮೇಲೆ ಮಾತು. ಮಂತ್ರಿಯಾದರೂ ಸೈ, ಎದುರಿಗೆ ಕೂತಿದ್ದರೂ ಸೈ. ಹಿರಣ್ಣಯ್ಯನವರು 2019ರ ಮೇ 2ಕ್ಕೆ ಹೋದರು, ಆ ಕುರ್ಚಿಗೆ ಆಮೇಲೆ ಯಾರೂ ಬಂದಿಲ್ಲ. ನಾನು ಕೋಲ್ಬೇರ್ ಕಥೆ ಪೂರಾ ಹೇಳಿ, ‘ಲುಕ್ಸಾನ ಆಗಿ ಬಂದ್ ಮಾಡ್ತಾರಂತ ಅಪ್ಪಾ’ ಅಂದೆ.

ಅಪ್ಪ ಅಡಿಕೆ ಹೋಳು ಬಾಯಿಗೆ ಹಾಕ್ಕೊಂಡು, ‘ಲುಕ್ಸಾನ ಆದ್ರ ಅಂಗಡಿ ಬಂದ್ ಮಾಡೂದ ಖರೆ. ಆದ್ರ ಅಂಗಡ್ಯಾಗ ಕುಂತಂವಾ ಮಾಲಕಗ ಬೈದ ಮರುದಿನನ ಹೆಂಗ ಗೊತ್ತಾತು, ಲುಕ್ಸಾನ ಐತಿ ಅಂತ?’ ಅಂದರು.

ಮರುದಿನ ಅಲ್ಲ ಅಪ್ಪಾ, ಮೂರ್ನಾಕು ದಿನ ಆಗಿತ್ತು ಅಂದೆ. ‘ಹಾಂ, ಲೆಕ್ಕಾ ಮಾಡಾಕ ಅಷ್ಟ ದಿನ ಬೇಕಲ್ಲಾ’ ಅಂದರು. ಮಷೀನಿನ ಹಸಿರು ದೀಪ ಹತ್ತಿತ್ತು, ಗಿರಾಕಿ ನಿಂತಿದ್ದರು, ನಾನು ಎದ್ದೆ.